ಹಸಿರು ಬಿಲ್ಲೆಯೊಳಗಿನ ಕರೆಂಟು

ಪ್ರೀತಿಯ ಕಾಕಾ,

ನೀವು ಕೇಳಿದ್ದು ಒಂದೇ ಒಂದು ಪ್ರಶ್ನೆ. ನಾನು ಉತ್ತರ ಹೇಳಲಿಲ್ಲ. ಅದಕ್ಕೇ ಈ ಪತ್ರ.

ಅಪ್ಪ ತೀರಿಕೊಂಡ ಮೇಲೆ ನೀವೂ ಚಿಗವ್ವನೂ ನನ್ನನ್ನು ಗುಡಗೇರಿಯ ನಿಮ್ಮ ಮನೆಗೆ ಕರೆತಂದಿರಲ್ಲ, ಆಗ ನನಗೆ ಎಂಟು ವರ್ಷ. ನೀವು ಲೈನ್‌ಮನ್. ಒಂದು ಮುಂಜಾನೆ ನಾನು ನಿಮ್ಮ ತಂತಿ ಕತ್ತರಿಸುವ ಪಕ್ಕಡ್ ಎತ್ತಿಕೊಂಡು ಮೊಳೆ ಕೀಳುತ್ತಿದ್ದಾಗ ಕೈಯಿಂದ ಕಸಿದುಕೊಂಡಿರಿ. ಬೈಯಲಿಲ್ಲ. ಹಿಡಿಕೆ ತೋರಿಸಿ, "ಇದು ಪ್ಲಾಸ್ಟಿಕ್ ಐತಿ ನೋಡವಾ. ಇದರಾಗ ಕರೆಂಟ್ ಹಾಯೂದಿಲ್ಲ. ಇದು ಸೀಳಿದ್ರ ನಿಮ್ಮ ಕಾಕಾ ಇಲ್ಲ ಅಂತ ತಿಳಿ" ಅಂದಿರಿ. ಅಂದಿನಿಂದ ನೀವು ಕೆಲಸಕ್ಕೆ ಹೊರಟಾಗಲೆಲ್ಲ ಹಿಡಿಕೆಯನ್ನು ಬೆರಳಿಂದ ಸವರಿ ನೋಡುತ್ತಿದ್ದೆ. ನಿಮಗೆ ಗೊತ್ತಿತ್ತೋ ಇಲ್ಲವೋ...

ಬಿ.ಎಸ್ಸಿ. ಮುಗಿದ ವರ್ಷ ಬಮ್ಮಿಗಟ್ಟಿಯಿಂದ ನನ್ನನ್ನು ನೋಡಲು ಬಂದವರು ನೆನಪಿದ್ದಾರೆಯೇ? "ಇಷ್ಟು ಕಲ್ತದ್ದು ಸಾಕಲ್ರೀ" ಎಂದು ಅವರಲ್ಲಿ ಹಿರಿಯರು ಅಂದಾಗ ಚಿಗವ್ವ ಅವಲಕ್ಕಿಯ ತಟ್ಟೆ ಹಿಡಿದು ನಿಂತೇ ಬಿಟ್ಟಿದ್ದರು. ನೀವು ಮೆಲ್ಲಗೆ, "ಆಕಿ ಓದು ಇನ್ನೂ ಮುಗಿದಿಲ್ರಿ. ಮುಗದ ಮ್ಯಾಲ ಬಂದು ಆಕಿನ್ನ ಕೇಳ್ರಿ, ನನ್ನನ್ನಲ್ಲ" ಅಂದಿರಿ. ಆ ಮಾತಿನ ಬಲದಿಂದಲೇ ನಾನು ಧಾರವಾಡದ ಪ್ರಯೋಗಾಲಯದವರೆಗೆ ಬಂದೆ.

ಅಲ್ಲಿಗೆ ನೀವು ಬಂದದ್ದು ಒಂದೇ ಸಲ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಚಿಗವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹಿಡಿದು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಿರಿ. ಅಂಗಿಯ ಗುಂಡಿಯಷ್ಟಿದ್ದ ಹಸಿರು ಬಿಲ್ಲೆಯನ್ನು ಅಂಗೈಯಲ್ಲಿಟ್ಟು, "ಇದೂ ಪ್ಲಾಸ್ಟಿಕ್ ಜಾತಿದಾ ಕಾಕಾ" ಅಂದೆ. ಅದರ ಮೇಲೆ ತಂತಿಯ ಮೊನೆಗಳನ್ನು ಇಟ್ಟು ಸ್ವಿಚ್ ಒತ್ತಿದಾಗ ಮೀಟರಿನ ಮುಳ್ಳು ಸರಿಯಿತು. ನಿಮ್ಮ ಮುಖದಲ್ಲಿ ಹೆದರಿಕೆಯೂ ಇತ್ತು, ಹಿಗ್ಗೂ ಇತ್ತು. "ಹೆಂಗ ಹಾಯತೈತವಾ ಇದರಾಗ?" ಎಂದು ಕೇಳಿದಿರಿ. ಹಿಂದಿನ ಹದಿನೈದು ದಿನ ನನ್ನ ಒಂದು ಅಳತೆಯೂ ಸರಿ ಬಂದಿರಲಿಲ್ಲ. ಆ ಸಿಟ್ಟಿನಲ್ಲಿ, ಲ್ಯಾಬಿನವರೆಲ್ಲರ ಎದುರಿಗೆ, "ನಿಮಗ ತಿಳಿಯೂದಿಲ್ಲ, ಬಿಡ್ರಿ" ಅಂದುಬಿಟ್ಟೆ.

"ಹೌದ ಬಿಡವಾ" ಅಂದಿರಿ. ರೊಟ್ಟಿಯ ಗಂಟನ್ನು ಮೇಜಿನ ಮೂಲೆಯಲ್ಲಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟಿರಿ. ಬಸ್ ಸ್ಟ್ಯಾಂಡಿನವರೆಗೂ ನಾನು ಬರಲಿಲ್ಲ.

ಮೂರು ವಾರಕ್ಕೆ ನೀವು ಹೋದಿರೆಂದು ಊರಿನಿಂದ ಟೆಲಿಗ್ರಾಂ ಬಂತು. ಕಂಬದ ಮೇಲಲ್ಲ, ಕರೆಂಟಿನಿಂದಲ್ಲ. ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಎದೆ ಹಿಡಿದುಕೊಂಡಿರಂತೆ. ನಾನು ಬರುವ ಹೊತ್ತಿಗೆ... ಅದನ್ನು ಬರೆಯಲಾರೆ.

ಹದಿಮೂರನೆಯ ದಿನ ಮುಗಿದ ಮೇಲೆ ಚಿಗವ್ವನ ಮುಂದೆ ಎಲ್ಲ ಹೇಳಿಕೊಂಡು ಅತ್ತೆ. ಅವರು ಬೆರಗಾಗಿ ನನ್ನ ಮುಖ ನೋಡಿದರು. "ಹಂಗ್ಯಾಕ ಅಂತಿ? ಧಾರವಾಡದಿಂದ ಬಂದ ಮ್ಯಾಲ ನಿಮ್ಮ ಕಾಕಾ ಓಣಿ ತುಂಬಾ ಹೇಳ್ಕೋತ ಅಡ್ಡಾಡಿದ್ರು. ನಮ್ಮ ಹುಡುಗಿ ಪ್ಲಾಸ್ಟಿಕ್‌ನ್ಯಾಗ ಕರೆಂಟ್ ಹಾಯಿಸ್ಯಾಳ, ಹೆಂಗ ಅಂತ ಅಗದಿ ಚಂದಾಗಿ ತಿಳಿಸಿ ಹೇಳಿದ್ಲು, ನಾನ ಮರತೇನಿ ಅಂತ."

ಕಾಕಾ, ನೀವು ಹೇಳಿದ ಸುಳ್ಳು ಅಂತ ನಾನು ಕೇಳಿದ್ದು ಇದೊಂದೇ.

ಈಗ ಹೇಳುತ್ತೇನೆ, ಕೇಳಿ. ನಿಮ್ಮ ಪಕ್ಕಡಿನ ಪ್ಲಾಸ್ಟಿಕ್ಕೂ ನನ್ನ ಬಿಲ್ಲೆಯೂ ಒಳಗೆ ಉದ್ದುದ್ದ ಸರಪಳಿಗಳೇ. ಹಿಡಿಕೆಯಲ್ಲಿ ಎಲೆಕ್ಟ್ರಾನುಗಳು ಕೂತ ಜಾಗ ಬಿಟ್ಟು ಕದಲುವುದಿಲ್ಲ. ನನ್ನದರ ಕಟ್ಟೋಣ ಬೇರೆ. ಆದರೂ ಸುಮ್ಮನೆ ಇಟ್ಟರೆ ಅದೂ ಕರೆಂಟು ಬಿಡದು. ಗುಡಗೇರಿ ಸ್ಟೇಷನ್ನಿನ ಬೆಂಚು ಸಂತೆಯ ದಿನ ತುಂಬಿರುತ್ತದಲ್ಲ, ಯಾರೂ ಸರಿಯಲಾರರು, ಹಾಗೆ. ನಾನು ಆಮ್ಲ ಸೇರಿಸುತ್ತೇನೆ. ಆಗ ಸಾಲಿನ ನಡುವೆ ಅಲ್ಲಲ್ಲಿ ಒಂದು ಜಾಗ ತೆರವಾಗುತ್ತದೆ. ಪಕ್ಕದವನು ಅಲ್ಲಿಗೆ ಸರಿಯುತ್ತಾನೆ, ಅವನ ಜಾಗಕ್ಕೆ ಆಚೆಯವನು. ತೆರವಾದ ಜಾಗ ಹೀಗೆ ಸಾಲುದ್ದಕ್ಕೂ ನಡೆಯುತ್ತದೆ. ಅದು ಹೋದಲ್ಲೆಲ್ಲ ಸರಪಳಿ ತುಸು ಮೈ ಬಾಗಿಸಿ ದಾರಿ ಕೊಡುತ್ತದೆ. ಅದೇ ಕರೆಂಟು. ಇಷ್ಟೇ, ಕಾಕಾ. ಎರಡು ನಿಮಿಷದ ಮಾತು.

ಮೊನ್ನೆ ಚಿಗವ್ವನಿಗೂ ಹೇಳಿದೆ. ಶೇಂಗಾ ಸುಲಿಯುತ್ತ ಕೇಳಿದರು. "ಸರಪಳಿ ಮುಗದ್ರ?" ಅಂದರು. ನನ್ನ ನಾಲ್ಕು ವರ್ಷದ ಕೆಲಸ ನಿಂತಿರುವುದೇ ಆ ಪ್ರಶ್ನೆಯ ಮೇಲೆ! ಮುಗಿದಲ್ಲಿ ಕರೆಂಟು ಬಾಜೂ ಸರಪಳಿಗೆ ಜಿಗಿಯಬೇಕು. ಬಿಸಿ ಮಾಡಿದರೆ ಜಿಗಿತ ಸಲೀಸು. ನಿಮ್ಮ ತಂತಿ ಕಾದಷ್ಟೂ ಕರೆಂಟಿಗೆ ಕಷ್ಟ. ನನ್ನ ಬಿಲ್ಲೆ ಕಾದಂತೆ ಹಾದಿ ಹಗುರ. ನೀವಿದ್ದರೆ ಒಪ್ಪುತ್ತಿರಲಿಲ್ಲ, ಒಂದು ಸಂಜೆಯಿಡೀ ವಾದ ಮಾಡುತ್ತಿದ್ದಿರಿ.

ನೀವು ಕೇಳದ ಸುದ್ದಿ ಎರಡಿವೆ. ನನ್ನ ಪಿಎಚ್.ಡಿ. ಪ್ರಬಂಧ ಒಪ್ಪಿಗೆಯಾಯಿತು. ಬರುವ ಸೋಮವಾರದಿಂದ ಕಲಘಟಗಿಯ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಚಿಗವ್ವನೂ ಜೊತೆಗೆ ಬರುತ್ತಿದ್ದಾರೆ. ಪ್ರಬಂಧದ ಮೊದಲ ಹಾಳೆಯಲ್ಲಿ ನಿಮ್ಮ ಹೆಸರಿದೆ. ಓದು ಬಾರದ ಚಿಗವ್ವ, "ಎಲ್ಲೈತಿ, ತೋರಸು" ಅಂದರು. ತೋರಿಸಿದೆ. ಇಂಗ್ಲಿಷಿನ ಆ ಒಂದು ಸಾಲನ್ನು ಬೆರಳಲ್ಲಿ ಅಳೆದು ನೋಡಿ, "ಅಷ್ಟ ಎತ್ತರದ ಮನಷಾನ್ನ ಇಷ್ಟ ಸಣ್ಣಾಗಿ ಬರದಿಯಲ್ಲವಾ!" ಎಂದರು.

ಕನ್ನಡದಲ್ಲಿ ಒಂದು ಪುಸ್ತಕ ಬರೆಯುತ್ತೇನೆ ಕಾಕಾ. ಅದರಲ್ಲಿ ನಿಮ್ಮ ಹೆಸರನ್ನು ಹಾಳೆ ತುಂಬುವಷ್ಟು ದೊಡ್ಡದಾಗಿ ಬರೆಯುತ್ತೇನೆ.

ನಿಮ್ಮ ಮಗಳು