ನೆಟ್ಟ ದೀಪ, ಹೂತ ದೀಪ

ಮನೆಯಿಂದ,
ಭಾನುವಾರ, ೧೪ನೇ ತಾರೀಕು

ಪ್ರೀತಿಯ ಅಕ್ಕಾ,

ಆರೋಗ್ಯ ವಿಚಾರಿಸುವ ಮೊದಲೇ ಒಂದು ಕೆಟ್ಟ ಕನಸು ಹೇಳಿಬಿಡುತ್ತೇನೆ, ಬೈಯಬೇಡ. ಹೇಳದಿದ್ದರೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ಹೋದ ಭಾನುವಾರ ಊಟ ಮಾಡಿ ಸ್ವಲ್ಪ ಅಡ್ಡಾಗಿದ್ದೆ. ಕನಸಿನಲ್ಲಿ ಯಾವುದೋ ದೊಡ್ಡ ಕಟ್ಟಡ, ಅದರ ಹಣೆಯ ಮೇಲೆ ನಮ್ಮ ಅಂಗಡಿಯಲ್ಲಿ ಮಾರುವ ಎಲ್‌ಇಡಿ ದೀಪಗಳ ಪರದೆ, ಪರದೆಯ ತುಂಬ ನಿನ್ನ ಮುಖ. ಒಲೆಯ ಮೇಲಿಟ್ಟ ಹಾಲು ಉಕ್ಕೀತೆಂದು ಕಾಯುವಾಗ ನಿನ್ನ ಮುಖ ಹೇಗಿರುತ್ತದೋ ಹಾಗೇ ಇತ್ತು. ಇದ್ದಕ್ಕಿದ್ದಂತೆ ಎಡಗಡೆಯ ಹುಬ್ಬಿನಿಂದ ದೀಪಗಳು ಉದುರತೊಡಗಿದವು, ಸಾಸಿವೆ ಡಬ್ಬಿ ಮಗುಚಿದ ಹಾಗೆ. ನಾನು ಅಂಗಿಯ ತುದಿಯನ್ನು ಜೋಳಿಗೆ ಮಾಡಿಕೊಂಡು ಕೆಳಗೆ ಓಡಾಡುತ್ತಿದ್ದೇನೆ. ಹೋಗಿಬರುವವರಿಗೆಲ್ಲ “ತುಳೀಬೇಡ್ರೀ, ಅದು ನಮ್ಮಕ್ಕ” ಎಂದು ಕೂಗುತ್ತಿದ್ದೇನೆ. ಯಾರಿಗೆ ಪುರುಸೊತ್ತು? ಕೊನೆಗೆ ಎಲ್ಲವನ್ನೂ ಆರಿಸಿದೆ, ಒಂದನ್ನೂ ಬಿಟ್ಟಿಲ್ಲ. ಆದರೆ ತಿರುಗಿ ನೆಡೋಣವೆಂದರೆ ಯಾವುದು ಹುಬ್ಬಿನದು, ಯಾವುದು ಮೂಗಿನದು ಎಂದು ತಿಳಿಯುತ್ತಿಲ್ಲ. ಹುಬ್ಬಿನ ಜಾಗಕ್ಕೆ ತುಟಿ ನೆಟ್ಟರೆ ನೀನು ಸುಮ್ಮನಿರುತ್ತೀಯ? ಆ ಹೆದರಿಕೆಗೇ ಎಚ್ಚರವಾಯಿತು.

ಹೇಳಿ ಆಯಿತು. ಈಗ ಹೇಗಿದ್ದೀಯ? ಕಣ್ಣುರಿ ಕಡಿಮೆಯಾಯಿತೆ? ಇಡೀ ದಿನ ಸೂಕ್ಷ್ಮದರ್ಶಕದ ಮೇಲೆ ಬಗ್ಗಿಕೊಂಡಿರುವವಳು ನಡುನಡುವೆ ತಲೆ ಎತ್ತಿ ದೂರದ ಗೋಡೆ ನೋಡಬೇಕಂತೆ, ಅಂಗಡಿಗೆ ಬಂದ ಕನ್ನಡಕ ಮಾರುವವರು ಹೇಳಿದರು. ನೋಡುತ್ತೀಯ ತಾನೆ? ಕೆಮ್ಮು? ನಿನ್ನ ಪಕ್ಕದ ಮಂಚದವಳ ಗೊರಕೆ ಹಾಗೇ ಇದೆಯೋ, ಅಥವಾ ಅಭ್ಯಾಸವಾಗಿಬಿಟ್ಟಿತೋ? ಫೋನಿನಲ್ಲಿ ಇದನ್ನೆಲ್ಲ ಕೇಳಬೇಕೆಂದೇ ಇರುತ್ತೇನೆ. ಆದರೆ ಹಾಸ್ಟೆಲ್ ಮೊಗಸಾಲೆಯಲ್ಲಿ ನಿನ್ನ ಹಿಂದೆ ನಿಂತವರು “ಆಯ್ತಾ, ಆಯ್ತಾ” ಎನ್ನುವುದು ನನಗೂ ಕೇಳಿಸುತ್ತದೆ. ಕೇಳಿಸಿದ ಕೂಡಲೇ ಅಂದುಕೊಂಡದ್ದೆಲ್ಲ ಮರೆತು “ಊಟ ಆಯ್ತಾ” ಎಂದಷ್ಟೇ ಕೇಳಿ ಇಟ್ಟುಬಿಡುತ್ತೇನೆ. ಕಾಗದವಾದರೆ ಹಿಂದೆ ಯಾರೂ ನಿಂತಿರುವುದಿಲ್ಲ. ಏಳನೇ ತರಗತಿಗೇ ಬಿಟ್ಟವನ ಅಕ್ಷರ, ಒತ್ತು ದೀರ್ಘ ತಪ್ಪಿದ್ದರೆ ನೀನೇ ಹಾಕಿಕೊಂಡು ಓದು.

ಇಲ್ಲಿ ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ರೋಗ ಮಾತ್ರ ಬಿಟ್ಟಿಲ್ಲ. ಮೊದಲಾದರೆ ಬೀದಿಯಿಂದ ತಲೆ ಎತ್ತಿದರೆ ಸಾಕು, ನೀನು ಕಿಟಕಿಯಲ್ಲಿ “ಆರ್ಸಿದೀಯ, ಹೋಗೋ ಪುಕ್ಕಲ” ಎನ್ನುತ್ತಿದ್ದೆ, ನಾನು ಹಾಯಾಗಿ ಬಸ್ ಹತ್ತುತ್ತಿದ್ದೆ. ಈಗ ತಲೆ ಎತ್ತಿದರೆ ಮೇಲಿನ ಮಹಡಿಯ ಹೊಲಿಗೆ ಚಿಕ್ಕಮ್ಮ ಇರುತ್ತಾರೆ. ಒಂದು ದಿನ ತಡೆಯಲಾರದೆ ಅವರನ್ನೇ ಕೇಳಿಬಿಟ್ಟೆ. “ನಾನ್ ಹೇಗಪ್ಪಾ ಹೇಳ್ಲಿ, ನಿಮ್ಮನೆ ಒಲೆ ನಂಗೇನ್ ಕಾಣುತ್ತಾ” ಎಂದರು. ಹತ್ತಿ ಹೋಗಿ ನೋಡಿದೆ. ಆರಿತ್ತು. ಬಸ್ಸೂ ಹೋಗಿತ್ತು. ಚಿಕ್ಕಮ್ಮ ನಿನ್ನನ್ನು ತುಂಬ ಕೇಳುತ್ತಾರೆ. ನಿನಗೆ ಪ್ಯಾಕೇಜಿಂಗಿನಲ್ಲಿ ಕೆಲಸವಾಯಿತು ಎಂದಾಗ ನಾನು ಡಬ್ಬ ಕಟ್ಟುವ ಕೆಲಸವೆಂದೇ ತಿಳಿದು ಅವರಿಗೂ ಹಾಗೇ ಹೇಳಿದ್ದೆನಲ್ಲ, “ಸುತಳಿ ಕೈ ಕುಯ್ಯುತ್ತೆ, ಈ ಬಟ್ಟೆ ಸುತ್ಕೊಳ್ಳಲಿ” ಎಂದು ಅವರು ಕೊಟ್ಟ ಪಟ್ಟಿ ಇನ್ನೂ ಮೊಳೆಗೆ ನೇತಾಡುತ್ತಿದೆ. ದೀಪದೊಳಗೆ ಬೆಳಗುವ ಚಿಪ್ಪನ್ನು, ಅದೇ ಆ ಕಣದಷ್ಟು ‘ಚಿಪ್’ ಅನ್ನು, ಗೂಡಿಗೆ ಕೂರಿಸುವುದಕ್ಕೂ ಪ್ಯಾಕೇಜಿಂಗ್ ಎನ್ನುತ್ತಾರೆ ಎಂದು ನೀನು ಬರೆದ ಮೇಲೆ ಅವರಿಗೆ ವಿವರಿಸಲು ಹೋದೆ. “ಯಾವ್ದಾದ್ರೂ ಇರ್ಲಿ, ಕೈ ಜೋಪಾನ” ಎಂದರು.

ಈಗ ವಿಷಯಕ್ಕೆ ಬರುತ್ತೇನೆ. ಹಿಂದಿನ ಕಾಗದದಲ್ಲಿ ನೀನು ಎರಡು ಮಾತು ಬರೆದಿದ್ದೆ. ಬೇಡಿಕೆ ಇಳಿದರೆ ನಿಮ್ಮ ದೀಪದ ಕಾರ್ಖಾನೆಯಲ್ಲಿ ನೀನಿರುವ ಹಳೆಯ ವಿಭಾಗ ಮುಚ್ಚಬಹುದು, ಮುಚ್ಚಿದರೆ ನೀನು ಮನೆಗೆ ಬರುತ್ತೀಯ, ಇದು ಒಂದು. ಬಯಸಿದವರನ್ನು ಹೊಸ ವಿಭಾಗಕ್ಕೆ ಸೇರಿಸಿಕೊಳ್ಳುತ್ತಾರೆ, ಸೇರಿದರೆ ಇನ್ನೂ ಮೂರು ವರ್ಷ ಅಲ್ಲಿಂದ ಕದಲುವಂತಿಲ್ಲ, ಇದು ಇನ್ನೊಂದು. ನಾನು ಮೊದಲನೆಯದನ್ನು ಹಿಡಿದುಕೊಂಡು ಕೂತೆ. ಎರಡನೆಯದು ಬೇರೆ ಯಾರಿಗೋ ಬರೆದದ್ದು ಎಂಬಂತೆ ಓದಿಕೊಂಡೆ.

ಹೀಗಿರುವಾಗ ಒಂದು ದಿನ ಸಭಾಂಗಣ ನೋಡಿಕೊಳ್ಳುವ ಮೇಡಂ ಅಂಗಡಿಗೆ ಬಂದರು. ಅವರ ಹಾಲಿನ ವೇದಿಕೆಗೆ ಗೋಡೆಯಷ್ಟಗಲ ಪರದೆ ಬೇಕಂತೆ, ಮುಂದಿನ ಸಾಲಿನವರು ಕೈ ಚಾಚಿದರೆ ಎಟಕುವಷ್ಟು ಹತ್ತಿರ. ನಮ್ಮ ಮಾಲೀಕರು, ನೀನು “ಮೆಲ್ಲಗೆ ಸಾಹೇಬರು” ಎಂದು ಹೆಸರಿಟ್ಟಿರುವವರು, ಮಾದರಿಗೆಂದು ದೀಪ ಕೂರಿಸಿದ ಎರಡು ಹಲಗೆ ತಂದು ಮೇಜಿನ ಮೇಲಿಟ್ಟು ಹೊತ್ತಿಸಿದರು. ಒಂದು ನಿಮ್ಮ ಹಳೆಯ ವಿಭಾಗದ ಜಾತಿಯದು, ಎಸ್‌ಎಂಡಿ. ಇನ್ನೊಂದು ಹೊಸ ಜಾತಿಯದು, ಸಿಒಬಿ. ನಾನು ಮೊದಲನೆಯದಕ್ಕೆ ನೆಟ್ಟದ್ದು, ಎರಡನೆಯದಕ್ಕೆ ಹೂತದ್ದು ಎನ್ನುತ್ತೇನೆ, ನಾಲಿಗೆ ತೊಡರುವುದಿಲ್ಲ. “ದಿನಾ ಕೈಯಾಡ್ಸೋನು ನೀನು, ನೀನೇ ಹೇಳು. ಮೆಲ್ಲಗೆ ಹೇಳು” ಎಂದರು ಮಾಲೀಕರು. ಹೇಳಿದೆ. ನಿನಗೆ ಗೊತ್ತಿರುವುದೇ, ಆದರೂ ಓದು, ತಪ್ಪಿದ್ದರೆ ತಿದ್ದು. ನೆಟ್ಟದ್ದರಲ್ಲಿ ಕೆಂಪು ಹಸಿರು ನೀಲಿ ಮೂರು ಚಿಪ್ಪುಗಳನ್ನು ಒಂದು ಪುಟ್ಟ ಗೂಡಿನಲ್ಲಿ ಕೂರಿಸಿ, ಮೇಲೆ ರಾಳ ತುಂಬಿ, ಆ ಗೂಡುಗಳನ್ನು ಒಂದೊಂದಾಗಿ ಹಲಗೆಗೆ ಬೆಸೆದಿರುತ್ತಾರೆ. ನೆಡುವ ಮೊದಲೇ ಬಣ್ಣ ನೋಡಿ ವಿಂಗಡಿಸುವುದರಿಂದ ಗೋಡೆಯೆಲ್ಲ ಒಂದೇ ಛಾಯೆ ಬರುತ್ತದೆ. ಒಂದು ಸತ್ತರೆ ನಾನು ಬಿಸಿಗಾಳಿ ಬಿಟ್ಟು, ಚಿಮಟದಲ್ಲಿ ಕಿತ್ತು, ಇನ್ನೊಂದನ್ನು ಕೂರಿಸುತ್ತೇನೆ. ದೋಷವೆಂದರೆ ಮೂಲೆಗೆ ಏನಾದರೂ ತಗುಲಿದರೆ ಸಾಕು, ಕಿತ್ತುಬರುತ್ತದೆ. ಹತ್ತಿರದಿಂದ ನೋಡಿದರೆ ಚುಕ್ಕಿ ಚುಕ್ಕಿ. ಹೂತದ್ದರಲ್ಲಿ ಗೂಡೇ ಇಲ್ಲ. ಚಿಪ್ಪುಗಳನ್ನು ನೇರ ಹಲಗೆಯ ಮೇಲೇ ಕೂರಿಸಿ, ಮೇಲೆ ಒಂದೇ ಹೊದಿಕೆ ಎಳೆದಿರುತ್ತಾರೆ. ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ಅಂಗೈಯಿಂದ ಸವರಬಹುದು, ಕಪ್ಪು ಎಂದರೆ ಬಾವಿಯೊಳಗಿನ ಕಪ್ಪು. ದೋಷವೆಂದರೆ ಒಂದು ಸತ್ತರೆ ನನ್ನಂಥವನ ಕೈಗೆ ಸಿಗದು, ಹಲಗೆಯನ್ನೇ ಕಾರ್ಖಾನೆಗೆ ಕಳಿಸಬೇಕು. ಆಮೇಲೆ ಈ ಹಲಗೆಗೂ ಪಕ್ಕದ ಹಲಗೆಗೂ ಛಾಯೆ ಸ್ವಲ್ಪ ಹೆಚ್ಚುಕಡಿಮೆಯಾಗಬಹುದು, ಯಂತ್ರ ಹಚ್ಚಿ ಸಮ ಮಾಡಬೇಕು. ಎಲ್ಲವನ್ನೂ ಹೇಳಿದೆ ಅಕ್ಕಾ, ಯಾವುದನ್ನೂ ಮುಚ್ಚಿಡಲಿಲ್ಲ. ಆದರೆ ಹೂತದ್ದರ ದೋಷ ಹೇಳುವಾಗ ದನಿ ತಾನಾಗಿ ಇಳಿಯಿತು, ಗುಣ ಹೇಳುವಾಗ ತಾನಾಗಿ ಏರಿತು. ಮಾಲೀಕರು ಎರಡು ಸಲ “ಮೆಲ್ಲಗೆ” ಎಂದರು.

ನೆಟ್ಟ ದೀಪಗಳ ಮೇಲೇ ತಿಳಿಯಾದ ಅಂಟು ಹೊಯ್ದ ಮೂರನೆಯ ಬಗೆಯೂ ಇದೆ, ಪೆಟ್ಟು ತಡೆಯುತ್ತದೆ, ಅದನ್ನೂ ನೋಡಬಹುದು ಎಂದು ಮಾಲೀಕರು ನಡುವೆ ಬಾಯಿ ಹಾಕಿದರು. ಅದಾದರೆ ಒಳಗಿರುವುದು ನಿಮ್ಮ ವಿಭಾಗದ ದೀಪವೇ ತಾನೆ, ನಿಮ್ಮ ವಿಭಾಗ ಇನ್ನೂ ಎಷ್ಟು ದಿನ ಓಡುತ್ತದೋ! “ಕೆಟ್ಟರೆ ಅಂಟು ಕೆರೀಬೇಕು ಸಾರ್, ಕೆರೆದು ಕೆರೆದು ಪಕ್ಕದ್ದೂ ಹೋಗುತ್ತೆ” ಎಂದೆ. ಅದು ನಿಜವೇ. ಅಷ್ಟರಲ್ಲಿ ಮೇಡಂ ನೆಟ್ಟ ಹಲಗೆಯನ್ನು ಸವರಿದರು. ಮೂಲೆಯ ದೀಪವೊಂದು ಉಂಗುರಕ್ಕೆ ಸಿಕ್ಕಿ ಕಿತ್ತು ಬಂತು. “ಇದೇನ್ರೀ, ಮುಟ್ಟಿದ್ರೆ ಉದುರುತ್ತೆ! ನಮ್ಮ ಹಾಲಿನ ಜನ ಮುಟ್ಟದೇ ಬಿಡ್ತಾರಾ?” ಎಂದರು. ಹೂತದ್ದೇ ನಿಕ್ಕಿಯಾಯಿತು. ಅವರು ಹೋದ ಮೇಲೆ ಮಾಲೀಕರು ನನ್ನನ್ನೇ ನೋಡುತ್ತಾ, “ಅಲ್ಲಯ್ಯಾ, ರಿಪೇರಿ ಮಾಡೋನು ನೀನು. ರಿಪೇರಿಯೇ ಇಲ್ಲದ್ದನ್ನ ಹಿಂಗ್ ಹೊಗಳ್ತೀಯಲ್ಲ, ನಿನ್ ಅನ್ನಕ್ಕೆ ನೀನೇ ಮಣ್ಣು ಹಾಕ್ಕೋತೀಯಾ?” ಎಂದರು. ನಾನು “ನಮ್ಮಕ್ಕ ಬರ್ತಾಳೆ ಸಾರ್” ಎಂದೆ. ಅವರಿಗೆ ತಲೆಬುಡ ತಿಳಿಯಲಿಲ್ಲ. ನನ್ನ ಹಣೆ ಮುಟ್ಟಿ ನೋಡಿದರು.

ನೀನು ನಗುತ್ತೀಯ. ಒಂದು ಸಭಾಂಗಣದ ಪರದೆಯಿಂದ ಒಂದು ಕಾರ್ಖಾನೆಯ ವಿಭಾಗ ಮುಚ್ಚುತ್ತದೆಯೇ ಹುಚ್ಚಪ್ಪಾ, ಎನ್ನುತ್ತೀಯ. ಗೊತ್ತು. ಆದರೆ ಒಬ್ಬರನ್ನು ನೋಡಿ ಇನ್ನೊಬ್ಬರು ತಾನೆ? ಆ ಮೇಡಂ ಹತ್ತು ಜನರಿಗೆ ಹೇಳುವವರು. ಅಲ್ಲದೆ ನಿನ್ನ ಕೆಲಸ ದೀಪದೊಳಗಿನ ಕೂದಲಿನಂಥ ಚಿನ್ನದ ತಂತಿ ನೆಟ್ಟಗೆ ಕೂತಿದೆಯೋ ಎಂದು ನೋಡುವುದು. ಹೊಸ ಬಗೆಯಲ್ಲಿ ಚಿಪ್ಪನ್ನು ಬೋರಲು ಮಲಗಿಸಿಬಿಡುತ್ತಾರೆ, ತಂತಿಯೇ ಬೇಡ ಎಂದು ನೀನೇ ಬರೆದಿದ್ದೆ. ತಂತಿಯೇ ಇಲ್ಲದ ಮೇಲೆ ತಂತಿ ನೋಡುವವಳಿಗೆ ಅಲ್ಲೇನು ಕೆಲಸ ಎಂದು ನನ್ನ ಲೆಕ್ಕ. ಹಾಗೆ ಲೆಕ್ಕ ಹಾಕಿದವನಿಗೂ ಒಂದು ಸಂಕಟವಿತ್ತು, ಅದನ್ನೂ ಹೇಳುತ್ತೇನೆ. ರಿಪೇರಿಗೆ ಬಂದ ನೆಟ್ಟ ಹಲಗೆಯನ್ನು ಭೂತಗನ್ನಡಿಯ ಕೆಳಗೆ ಹಿಡಿದಾಗಲೆಲ್ಲ ರಾಳದೊಳಗೆ ಆ ತಂತಿ ಮಿಣುಕ್ಕೆನ್ನುತ್ತದೆ. ಇದು ನಿನ್ನ ಕಣ್ಣ ಕೆಳಗೆ ಹಾದು ಬಂದದ್ದೇ ಇರಬಹುದು ಎಂದುಕೊಳ್ಳುತ್ತೇನೆ. ಸತ್ತ ದೀಪ ಸಿಕ್ಕಿದರೆ, ಇದನ್ನು ನೋಡಿದ ದಿನ ನಿನಗೆ ಮೈ ಸರಿ ಇರಲಿಲ್ಲವೇನೋ ಎಂದು ಚಿಂತೆ ಹತ್ತುತ್ತದೆ. ಹೂತ ಹಲಗೆಯಲ್ಲಿ ಇಣುಕಲು ಕಿಂಡಿಯೇ ಇಲ್ಲ. ಆರಿಸಿಟ್ಟರೆ ಅದರಲ್ಲಿ ಕಾಣುವುದು ನನ್ನ ಮುಖವೇ. ಇರಲಿ, ನೀನೇ ಬಂದ ಮೇಲೆ ತಂತಿ ಯಾಕೆ ಎಂದು ಸಮಾಧಾನ ಮಾಡಿಕೊಂಡೆ.

ಆ ಸಮಾಧಾನದಲ್ಲೇ ನಿನ್ನ ಕೋಣೆಗೆ ಕೈ ಹಾಕಿದೆ. ಮಂಚದ ಮೇಲೆ ನಾನು ಪೇರಿಸಿಟ್ಟಿದ್ದ ರಟ್ಟಿನ ಡಬ್ಬಗಳನ್ನೆಲ್ಲ ಇಳಿಸಿದೆ. ಕಿಟಕಿಯ ಚಿಲಕ ಬಿಗಿಯಾಗಿತ್ತು, ಎಣ್ಣೆ ಬಿಟ್ಟೆ. ನಿನ್ನ ಕಣ್ಣಿಗೆ ತಂಪಾಗಲಿ ಎಂದು ಹಳದಿ ಬೆಳಕಿನ ಬಲ್ಬು ಹಾಕಿದೆ. ಚಿಕ್ಕಮ್ಮ ಉಳಿದ ತುಂಡು ಬಟ್ಟೆಗಳಿಂದ ದಿಂಬಿನ ಚೀಲ ಹೊಲಿದುಕೊಟ್ಟರು. “ಯಾವತ್ತು ಬರ್ತಾಳಂತೆ?” ಎಂದು ಕೇಳಿದರು. “ಬರ್ತಾಳೆ” ಎಂದೆ. “ಯಾವತ್ತು ಅಂತ ಕೇಳಿದೆ” ಎಂದರು. ಅವರಿಗೆ ಇಂಥದ್ದರಲ್ಲಿ ದಾಕ್ಷಿಣ್ಯವೇ ಇಲ್ಲ.

ಎಲ್ಲ ಮುಗಿಸಿ ನಿನ್ನೆ ಅಂಗಡಿಗೆ ಹೋದರೆ ಮಾಲೀಕರು ಟೀ ಕುಡಿಯುತ್ತಾ ಒಂದು ಮಾತು ಹೇಳಿದರು. ಅವರಿಗೆ ನನ್ನ ಲೆಕ್ಕ ಗೊತ್ತಿಲ್ಲ, ಪಾಪ, ಸುಮ್ಮನೆ ಹೇಳಿದ್ದು. “ಹೂತಿದ್ದಕ್ಕೆ ಹೊಸ ಜನ ಆಗಲ್ಲ ಕಣಯ್ಯಾ. ಹೊದಿಕೆ ಎಳೆದ್ಮೇಲೆ ತಪ್ಪು ತಿದ್ದಕ್ಕಾಗಲ್ಲ, ಅದಕ್ಕೇ ಹೊದಿಕೆಗೆ ಮುಂಚೆ ನೋಡೋ ಕಣ್ಣು ಪಳಗಿರಬೇಕು. ಹಳಬರನ್ನೇ ಕರ್ಕೋತಾರೆ.” ನಿನ್ನ ಕಣ್ಣಿಗಿಂತ ಪಳಗಿದ ಕಣ್ಣು ಅಲ್ಲಿ ಯಾರದಿದೆ? ಅನ್ನದಲ್ಲಿ ಕಲ್ಲು ಇದ್ದರೆ ನನ್ನ ಬಾಯಿಗೆ ಬರುವ ಮೊದಲೇ ನಿನ್ನ ಕಣ್ಣಿಗೆ ಬೀಳುತ್ತಿತ್ತು. ಅಂದರೆ ನಾನು ಅಷ್ಟು ಗಂಟಲು ಹರಿದುಕೊಂಡು ಹೊಗಳಿದ್ದು ನಿನ್ನನ್ನು ಇಲ್ಲಿಗೆ ಕರೆಯಲಿಕ್ಕೋ, ಅಲ್ಲೇ ಕೂರಿಸಲಿಕ್ಕೋ? ನೆಟ್ಟದ್ದು ಗೆದ್ದರೂ ನೀನು ಅಲ್ಲೇ, ಹೂತದ್ದು ಗೆದ್ದರೂ ಅಲ್ಲೇ ಎಂದಾದರೆ ನಾನು ಯಾವುದನ್ನು ಹೊಗಳಲಿ ಹೇಳು.

ನಿನ್ನನ್ನು ಕರೆದು ಕೇಳಿದರೆ ಅವಸರಕ್ಕೆ ಹ್ಞೂಂ ಎನ್ನಬೇಡ. ಒಂದು ದಿನ ಟೈಮು ಕೇಳು. ನಾನು ಬೇಡ ಎನ್ನುತ್ತಿಲ್ಲ. ನಿನಗೆ ಅಲ್ಲಿ ಹಿಡಿಸಿದ್ದರೆ ಅದು ಬೇರೆ ಮಾತು. ಹಿಡಿಸಬಾರದೆಂದೂ ಹೇಳುತ್ತಿಲ್ಲ. ಈ ಸಾಲನ್ನು ಹೇಗೆ ಬರೆದರೂ ಸೊಟ್ಟಗಾಗುತ್ತಿದೆ, ಬಿಟ್ಟುಬಿಡು.

ಕಣ್ಣಿಗೆ ತಣ್ಣೀರು ಹಾಕಿಕೋ. ಒದ್ದೆ ತಲೆಯಲ್ಲಿ ಫ್ಯಾನಿನ ಕೆಳಗೆ ಮಲಗಬೇಡ. ಪಕ್ಕದ ಮಂಚದವಳಿಗೆ ನನ್ನ ನಮಸ್ಕಾರ ಹೇಳು, ಗೊರಕೆಯ ವಿಷಯ ನಾನು ಕೇಳಿದೆ ಎಂದು ಮಾತ್ರ ಹೇಳಬೇಡ. ಚಿಕ್ಕಮ್ಮ ನಿನಗೆ ಒಳ್ಳೆಯದಾಗಲಿ ಎಂದು ಬರೆಯಲು ಹೇಳಿದ್ದಾರೆ. ನನ್ನದೂ ಅದೇ.

ನಿನ್ನ ತಮ್ಮ,
ಪುಕ್ಕಲ

ಮರೆತಿದ್ದೆ: ಮರೆತಿದ್ದೆ ಎಂದು ಬರೆದೆನಾದರೂ ಮರೆತಿರಲಿಲ್ಲ. ನೀನು ಕಳಿಸಿದ ಫೋಟೋ ಬಂತು, ಕಾರ್ಖಾನೆಯ ಬಾಗಿಲಲ್ಲಿ ನೀವೆಲ್ಲ ಸಾಲಾಗಿ ನಿಂತದ್ದು. ಬಾಯಿತುಂಬ ನಗುತ್ತಿದ್ದೀಯ, ಚೆನ್ನಾಗಿದೆ. ಅಂಥ ನಗು ನಾನು ಮುಂಚೆ ನೋಡಿದ ನೆನಪಿಲ್ಲ. ಅದಿರಲಿ. ಹಳೆಯ ವಿಭಾಗದವರಿಗೆ ನೀಲಿ ಟೋಪಿ, ಹೊಸ ವಿಭಾಗಕ್ಕೆ ಸೇರಿದವರಿಗೆ ಬಿಳಿ ಟೋಪಿ ಎಂದು ನೀನೇ ಒಮ್ಮೆ ಬರೆದಿದ್ದೆ. ಫೋಟೋದಲ್ಲಿ ನಿನ್ನ ತಲೆಯ ಮೇಲಿರುವುದು ನನಗೆ ಬಿಳಿಯಾಗಿ ಕಾಣುತ್ತದೆ. ಬಾಗಿಲ ಬೆಳಕಿಗೆ ಹಿಡಿದು ನೋಡಿದೆ, ಅಂಗಡಿಯ ಮೇಜಿನ ದೀಪಕ್ಕೂ ಹಿಡಿದು ನೋಡಿದೆ. ಚಿಕ್ಕಮ್ಮ ನೂಲಿನ ಉಂಡೆಗಳ ಪಕ್ಕ ಇಟ್ಟು “ತಿಳಿ ನೀಲಿ ಇರ್ಬೋದಪ್ಪಾ” ಎಂದರು, ಆದರೆ ಅವರು ಹೇಳಿದ್ದು ನನ್ನ ಮುಖ ನೋಡಿಕೊಂಡು. ಬಿಸಿಲು ಹೆಚ್ಚಿದ್ದರೆ ಫೋಟೋದಲ್ಲಿ ನೀಲಿಯೂ ಬೆಳ್ಳಗಾಗುತ್ತದೆ, ನನಗೆ ಗೊತ್ತು, ಬಣ್ಣದ ಕೆಲಸವೇ ನನ್ನದು. ಬಿಳಿಯೇ ಆಗಿದ್ದರೆ ಬಿಳಿ ಎಂದೇ ಬರೆ ಅಕ್ಕಾ, ನಾನು ಹೇಗೋ ಹೊಂದಿಕೊಳ್ಳುತ್ತೇನೆ. ಆದರೆ ನೆನಪಿನಿಂದ ಬರೆಯಬೇಡ. ಟೋಪಿಯನ್ನು ಕೈಯಲ್ಲಿ ಹಿಡಿದು, ಹೊರಗೆ ಬಂದು, ಇನ್ನೊಂದು ಸಲ ನೋಡಿ ಬರೆ.