ಬೆಳ್ಳಕ್ಕಿ ತಂಡದ ವಿಧವೆ

ಪಾಲ್ಮಾರೆಹೋ
ಜನವರಿ 4, 1987, ಭಾನುವಾರ

ನನ್ನ ಮಗಳ ಧರ್ಮತಾಯಿ, ನನ್ನ ಜೀವದ ಗೆಳತಿ ನೀಡಿಯಾ,

ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ನನ್ನ ಕ್ಷೇಮ ಮಾತ್ರ ಕೇಳಬೇಡ. ಶುಕ್ರವಾರದಿಂದ ಬೀದಿಯಲ್ಲಿ ಕಾರು ನಿಂತ ಸದ್ದಾದರೆ ಓಡಿಹೋಗಿ ಕಿಟಕಿ ಮುಚ್ಚುತ್ತೇನೆ. ಇವತ್ತು ನಾಲ್ಕು ಗಂಟೆಗೆ ನಿಜವಾಗಿಯೂ ಒಂದು ಕಾರು ಬರಲಿದೆ, ನನ್ನನ್ನು ಆಸ್ಪತ್ರೆಗೆ ಕರೆದೊಯ್ಯಲು. ಅಷ್ಟರಲ್ಲಿ ನಿನಗೆ ಎಲ್ಲ ಬರೆದುಬಿಡುತ್ತೇನೆ.

ನಮ್ಮ ಬೆಳ್ಳಕ್ಕಿ ಬೇಸ್‌ಬಾಲ್ ತಂಡ ಈ ಸಲ ಕಟ್ಟಕಡೆಗೆ ಬಿದ್ದದ್ದನ್ನು ರೇಡಿಯೊದಲ್ಲಿ ಕೇಳಿರುತ್ತೀ. ಹುಡುಗರದೇನು ತಪ್ಪು? ಎಲ್ಲಾ ಆ ಅಧ್ಯಕ್ಷ ದೋನ್ ಎಫ್ರೈನ್‌ನ ಕೈವಾಡ. ವಿಲ್ಟನ್‌ನನ್ನು ಮಾರಿಬಿಟ್ಟ ಕಣೇ! ಹಾಲಿನ ರಟ್ಟಿನ ಡಬ್ಬಿಯನ್ನೇ ಕೈಗವಸು ಮಾಡಿಕೊಂಡು ನಮ್ಮ ಬೀದಿಯಲ್ಲಿ ಚೆಂಡು ಹಿಡಿಯುತ್ತ ಬೆಳೆದವನನ್ನು, ಅದೂ ಎದುರಾಳಿ ತಂಡಕ್ಕೆ! ಅವನ ಬದಲಿಗೆ ಚೆಂಡೆಸೆಯಲು ಭುಜ ಕೆಟ್ಟ ಪಿಚರ್ ಒಬ್ಬನನ್ನು ತಂದ. ಬೇಡವೆಂದ ತರಬೇತುದಾರನನ್ನೇ ಓಡಿಸಿದ. ಇಷ್ಟಾದ ಮೇಲೆ ಯಾರ ಹೊಟ್ಟೆ ಉರಿಯುವುದಿಲ್ಲ, ಹೇಳು.

ಎದುರಾಳಿ ತಂಡವನ್ನು ಹೂಳುವ ಅಣಕು ಮೆರವಣಿಗೆಯಲ್ಲಿ ಪ್ರತಿವರ್ಷ ವಿಧವೆ ನಾನೇ ತಾನೇ. ಕಪ್ಪು ಬಟ್ಟೆ ಹಾಕಿಕೊಂಡು ಶವಪೆಟ್ಟಿಗೆಯ ಹಿಂದೆ ಎದೆ ಬಡಿದುಕೊಂಡು ಅಳುತ್ತೇನೆ, ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಪೆಟ್ಟಿಗೆಯಲ್ಲಿ ಮಲಗುವುದು ಎದುರಾಳಿಗಳ ಲಾಂಛನವಾದ ಮೊಸಳೆ, ಬಟ್ಟೆಯದ್ದು. ಮನುಷ್ಯರನ್ನು ಹೂಳುವ ಆಟ ಆಡುವುದಿಲ್ಲ, ಪಾದ್ರಿ ಇಟ್ಟ ಪೂರ್ತಿ ಹೆಸರು ಹಿಡಿದು ಅಳುವುದಂತೂ ಇಲ್ಲವೇ ಇಲ್ಲ. ಹಾಗೆ ಅತ್ತರೆ ಆ ಮನುಷ್ಯ ಸತ್ತೇಹೋಗುತ್ತಾನಂತೆ, ನಮ್ಮಜ್ಜಿಯ ಕಾಲದ ಕಟ್ಟಳೆ ಅದು.

ಈ ಸಲ ಕ್ಷೌರದಂಗಡಿಯ ಮೆಲಾನಿಯೊ ಬಂದು, "ಏ ಯೋಕಾಸ್ತಾ, ನಮ್ಮನ್ನ ಹೂತಿದ್ದು ಮೊಸಳೆ ಅಲ್ಲ, ನಮ್ಮ ಅಧ್ಯಕ್ಷನೇ. ಅವನನ್ನೇ ಹೂಳೋಣ, ಬರ್ತೀಯೋ ಇಲ್ವೋ?" ಎಂದ. ನನ್ನ ಗಂಡ ತೊರಿಬಿಯೊ, "ಬೇಡ ಕಣೇ, ಬೆಂಕಿ ಜೊತೆ ಸರಸ ಬೇಡ" ಎಂದು ಬಡಿದುಕೊಂಡ. ನಾನು ಯಾರ ಮಾತು ಕೇಳಿದವಳು?

ಕೇಳಿದವರಿಗೆಲ್ಲ, ನಾನು ಬರೀ ಅತ್ತಿದ್ದಷ್ಟೇ ಎನ್ನುತ್ತಿದ್ದೇನೆ. ನಿನ್ನ ಹತ್ತಿರ ಮುಚ್ಚಿಡಲಾರೆ. ಶುಕ್ರವಾರ ಅಧ್ಯಕ್ಷನ ಮನೆಯ ಮುಂದೆ ಪೆಟ್ಟಿಗೆ ಇಳಿಸಿದಾಗ ದೋನ್ ಎಫ್ರೈನ್ ಮೇಲೆ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತ ನಿಂತಿದ್ದ. ನಮ್ಮತ್ತ ಕಣ್ಣೂ ಹಾಯಿಸಲಿಲ್ಲ. ನನ್ನ ಮೈ ಉರಿದುಹೋಯಿತು. "ಎಫ್ರೈನ್ ಅಂತೋನಿಯೊ ಮೊಂತಾಸ್ ಲೆಬ್ರೋನ್! ಹೋದ್ಯಲ್ಲಪ್ಪಾ, ನಮ್ಮನ್ನ ಹಾಳು ಮಾಡಿ ಹೋದ್ಯಲ್ಲಾ!" ಎಂದು ಚೀರಿದೆ. ತಾಯಿಯ ಮನೆತನದ ಹೆಸರನ್ನೂ ಬಿಡಲಿಲ್ಲ. ಜನ ನಗುವುದನ್ನು ನಿಲ್ಲಿಸಿದರು. ಡೋಲಿನವನ ಕೈಯೂ ನಿಂತಿತು. ಅವತ್ತು ಸಂಜೆ ಊಟದ ಮೇಜಿನ ಮೇಲೆಯೇ ಅವನು ಕುಸಿದುಬಿದ್ದನಂತೆ. ಲಕ್ವ ಹೊಡೆದಿದೆ. ಬಲಗಡೆ ಪೂರ್ತಿ ಬಿದ್ದುಹೋಗಿದೆ, ಮಾತಿಲ್ಲ, ಇನ್ನೂ ಕಣ್ಣು ಬಿಟ್ಟಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ನಾನು ಬೀದಿಗಿಳಿದರೆ ತಾಯಂದಿರು ಮಕ್ಕಳನ್ನು ಒಳಗೆಳೆದುಕೊಳ್ಳುತ್ತಾರೆ. ಆ ಮೆಲಾನಿಯೊ, "ಹೆಸರು ಹಿಡಿದು ಅಳು ಅಂತ ನಾನೇನು ಹೇಳಿದ್ನಾ?" ಎಂದು ಕೈ ತೊಳೆದುಕೊಂಡ.

ಇವತ್ತು ಬೆಳಿಗ್ಗೆ ದೋನ್ ಎಫ್ರೈನ್‌ನ ಹೆಂಡತಿ ದೊನ್ಯಾ ಸಿಯೊಮಾರಾ ನಮ್ಮ ಮನೆಗೇ ಬಂದಿದ್ದರು. ಕೂರಿ ಎಂದರೂ ಕೂರಲಿಲ್ಲ. "ಅತ್ತವಳೇ ಬಂದು ತಲೆಯ ಕಪ್ಪು ವಸ್ತ್ರ ತೆಗೆದು, ಅದೇ ಹೆಸರಿಂದ ಕರೆದು ಏಳು ಅನ್ನಬೇಕಂತೆ. ನೀನೇ ಕಳಿಸಿದ್ದು, ನೀನೇ ಕರಿ" ಎಂದರು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಅದನ್ನು ನೋಡಿಯೇ ಹೆದರಿ, ನಾಲ್ಕಕ್ಕೆ ಕಾರು ಕಳಿಸಿ, ಬರುತ್ತೇನೆ ಎಂದುಬಿಟ್ಟೆ. ನಾನು ಕರೆದೂ ಏಳದೆ, ನನ್ನೆದುರೇ ಪ್ರಾಣ ಬಿಟ್ಟರೆ? ಅವನ ತಮ್ಮಂದಿರು ಅಲ್ಲೇ ಇರುತ್ತಾರೆ. ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡೇ ಊಟಕ್ಕೆ ಕೂರುವ ಜನ ಅವರು.

ನನಗೇನಾದರೂ ಆದರೆ ನನ್ನ ಮಗಳು ಲಿಸೆತ್‌ಳನ್ನು ನಿನ್ನ ಮಡಿಲಿಗೆ ಹಾಕಿಕೋ. ತೊರಿಬಿಯೊನಿಗೆ ಅವಳ ಜಡೆ ಹೆಣೆಯಲೂ ಬರುವುದಿಲ್ಲ.

ಇನ್ನೊಂದು ಮಾತು. ಕನ್ಯಾಮಾತೆಯ ಮುಂದೆ ಮೇಣದಬತ್ತಿ ಹಚ್ಚಿ, ತಾಯೀ ಅವನು ಬದುಕಲಿ ಎಂದು ಬೇಡಿಕೊಂಡೆ. ಈ ಹಾಳು ನಾಲಿಗೆ ಅಷ್ಟಕ್ಕೇ ನಿಲ್ಲದೆ, "ಬದುಕಿ ರಾಜೀನಾಮೆ ಕೊಡಲಿ" ಎಂದೂ ಸೇರಿಸಿತು. ಅದಕ್ಕೆ ಆಕೆಗೆ ಸಿಟ್ಟು ಬಂದಿದ್ದರೆ ಏನು ಗತಿ ನೀಡಿಯಾ?

ಕಾರು ಬಂತು.

ಅವಸರದಲ್ಲಿ,
ನಿನ್ನ ಯೋಕಾಸ್ತಾ

ತಾ.ಕ.: ಸೋಮವಾರ ಬೆಳಿಗ್ಗೆ. ಲಕೋಟೆ ಅಂಟಿಸಿರಲಿಲ್ಲ, ಅದಕ್ಕೇ ಇದನ್ನೂ ಸೇರಿಸುತ್ತಿದ್ದೇನೆ. ಹೋದೆ. ತಲೆಯ ಕಪ್ಪು ವಸ್ತ್ರ ತೆಗೆದೆ, ಹೆಸರು ಕರೆದೆ, ಏಳು ಎಂದೆ. ಉಹೂಂ. ಮತ್ತೆ ಕರೆದೆ. ಬಾಗಿಲಲ್ಲಿದ್ದ ಅವನ ತಮ್ಮನೊಬ್ಬ ಒಳಗೆ ಬಂದು ನನ್ನ ಬೆನ್ನ ಹಿಂದೆ ನಿಂತ. ಹೆದರಿಕೆ ಮಿತಿಮೀರಿದರೆ ನನಗೆ ಸಿಟ್ಟು ಬರುತ್ತದೆ, ನಿನಗೆ ಗೊತ್ತಲ್ಲ. "ಸಾಯ್ತೀಯಾ? ವಿಲ್ಟನ್‌ನ ಮಾರಿ, ತಂಡನ ಮಣ್ಣು ಮಾಡಿ, ಈಗ ಯಾರಿಗೂ ಉತ್ತರ ಕೊಡದೆ ಜಾರಿಕೊಳ್ತೀಯಾ? ಏಳಯ್ಯಾ, ನಾಚಿಕೆಗೆಟ್ಟವನೇ!" ಎಂದು ಕೂಗಿದೆ. ಆಗ ಅವನ ಎಡಗೈ ಮೇಲೆದ್ದಿತು. ಮೈದಾನದಲ್ಲಿ ನಾವು ಬೈದಾಗಲೆಲ್ಲ ನೊಣ ಓಡಿಸುವ ಹಾಗೆ ಕೈ ಬೀಸುತ್ತಾನಲ್ಲ, ಥೇಟ್ ಹಾಗೇ ಬೀಸಿದ. ಕಣ್ಣೂ ಬಿಟ್ಟ. ದೊನ್ಯಾ ಸಿಯೊಮಾರಾ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತರು. ಹೊರಡುವಾಗ ನನ್ನ ಎರಡೂ ಕೈ ಹಿಡಿದುಕೊಂಡು, "ನಾಳೆನೂ ಬಾರಮ್ಮಾ. ಬೈಯೋದು ಇನ್ನೂ ಉಳಿದಿದೆ ತಾನೇ?" ಎಂದು ಕೇಳಿದರು. ಬೇಕಾದಷ್ಟಿದೆ ಎಂದೆ.