ಒಡೆಯದ ಹೆಂಚು

ಮಸ್ಕಿ
ಕ್ರಿ.ಶ. 2213, ಏಪ್ರಿಲ್ 14, ಬುಧವಾರ

ನೀವು, ಅಂದರೆ ನಿಮ್ಮ ಕಾಲದವರು, ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪ್ರಯೋಗಶಾಲೆಗಳಲ್ಲಿ ಗೆದ್ದ ವಸ್ತುವಿನ ವಿಷಯ ಬರೆದಿಟ್ಟಿರಿ, ಸೋತದ್ದನ್ನು ತಿಪ್ಪೆಗೆ ಎಸೆದಿರಿ. ಯಾವುದು ಬಿರಿಯುತ್ತದೆ, ಯಾವುದು ಬಿಸಿಲಿಗೆ ಬಣ್ಣಗೆಡುತ್ತದೆ ಎಂಬುದು ನಿಮಗೆ ಗೊತ್ತಿತ್ತು. ಆದರೂ ಒಡೆಯದ ಒಂದೇ ತುಂಡನ್ನು ಎತ್ತಿ ಹಿಡಿದು ಜಗತ್ತಿಗೆ ತೋರಿಸಿದಿರಿ. ಉಳಿದ ಸೋಲುಗಳನ್ನೆಲ್ಲ ನಾವು ನಮ್ಮ ತಲೆಯ ಮೇಲೆ ಹೊತ್ತು ಮತ್ತೆ ಕಲಿಯಬೇಕಾಯಿತು. ತಲೆಯ ಮೇಲೆ ಎಂದದ್ದು ಬರೀ ಮಾತಿಗಲ್ಲ. ಅದು ಹೇಗೆಂದು ಮುಂದೆ ಬರೆಯುತ್ತೇನೆ.

ಮೇಲಿನ ತಾರೀಖು ನಿಮಗೆ ಹುಚ್ಚು ಎನಿಸಬಹುದು. ನನ್ನ ಕೆಲವು ಪದಗಳು ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಕ್ಷಮೆ ಕೇಳುತ್ತೇನೆ. ಮೊದಲು ಹೇಳಿದ ಮಾತಿಗಲ್ಲ. ನಿಮ್ಮನ್ನು ಹೇಗೆ ಕರೆಯಬೇಕು ಎಂಬುದೂ ನನಗೆ ಬಗೆಹರಿಯಲಿಲ್ಲ. ನಿಮಗೆ ಈಗ ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಮುಂದೆ ಏನು ಓದಬೇಕು ಎಂಬ ಮಾತು ಮನೆಯಲ್ಲಿ ನಡೆದಿರಬೇಕು. ವಸ್ತುಗಳ ಭೌತಶಾಸ್ತ್ರ ಓದುತ್ತೇನೆ ಎಂದರೆ, ಕಲ್ಲು ಗಾಜು ನೋಡುತ್ತ ಕೂರುವುದೂ ಒಂದು ಉದ್ಯೋಗವೇ ಎಂದು ಯಾರಾದರೂ ಕೇಳಿರಬೇಕು. ವಯಸ್ಸಿನಲ್ಲಿ ನಾನು ನಿಮಗಿಂತ ಸ್ವಲ್ಪ ದೊಡ್ಡವಳು. ಆದರೆ ತಲೆಮಾರಿನ ಲೆಕ್ಕದಲ್ಲಿ ನೀವು ನನ್ನ ಮುತ್ತಜ್ಜಿಗೂ ಮುತ್ತಜ್ಜಿ. ಆದ್ದರಿಂದ ಅಜ್ಜಿ ಎಂದೇ ಕರೆಯುತ್ತೇನೆ. ಹುಡುಗನಾಗಿದ್ದರೆ ಅಜ್ಜ ಎಂದು ಓದಿಕೊಳ್ಳಿ. ನನ್ನ ಹೆಸರು ಹುಲಿಗೆಮ್ಮ.

ಅಜ್ಜಿ, ನೀವು ಆಗಬೇಕೆಂದಿರುವ ವಸ್ತು ವಿಜ್ಞಾನಿಯನ್ನು ನಾವು ಹುರುಳರಿಗ ಎನ್ನುತ್ತೇವೆ, ಹೆಣ್ಣಾದರೆ ಹುರುಳರಿಗಿತ್ತಿ. ವಸ್ತುವಿನ ಹುರುಳು ಅರಿತವರು ಎಂದು ಅರ್ಥ. ನಿಮ್ಮಲ್ಲಿ ಊರಿಗೊಬ್ಬ ವೈದ್ಯರು ಬೇಕಾಗಿದ್ದಂತೆ ನಮ್ಮಲ್ಲಿ ಊರಿಗೊಬ್ಬ ಹುರುಳರಿಗರು ಬೇಕು. ಅವರು ಒಪ್ಪದೆ ಯಾರ ಮನೆಗೂ ಸೂರು ಏರುವುದಿಲ್ಲ, ಹೊಳೆಗೆ ಸೇತುವೆ ಏಳುವುದಿಲ್ಲ, ಕೂಸಿನ ಮುರಿದ ಕಾಲಿಗೆ ಕೀಲು ಕೂರುವುದಿಲ್ಲ. ಚಿಕ್ಕಂದಿನಿಂದ ನನಗಿದ್ದದ್ದು ಅದೊಂದೇ ಆಸೆ. ಅದು ಕೈಗೂಡಿತೋ ಇಲ್ಲವೋ ಎಂಬುದೇ ಈ ಪತ್ರದ ಕಥೆ.

ನಮ್ಮ ಬದುಕು ಹೇಗಿದೆ ಎಂದು ತಿಳಿಯದೆ ಅದು ನಿಮಗೆ ಅರ್ಥವಾಗದು. ರಾಯಚೂರು ಸೀಮೆಯ ಬಿಸಿಲು ನಿಮ್ಮ ಕಾಲದಲ್ಲೂ ಹೆಸರಾಗಿತ್ತಂತೆ. ಈಗಿನದರ ಮುಂದೆ ಅದು ಬೆಳದಿಂಗಳು. ಬೇಸಿಗೆಯಲ್ಲಿ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಉರಿಹೊತ್ತು. ಆಗ ಯಾರೂ ಹೊರಗೆ ಕಾಲಿಡುವುದಿಲ್ಲ, ನಾಯಿಯೂ ಇಡುವುದಿಲ್ಲ. ಸಂತೆ ನಸುಕಿನಲ್ಲಿ ಮುಗಿಯುತ್ತದೆ. ರೊಟ್ಟಿ ಬಡಿಯುವ ಸಪ್ಪಳ ಕೋಳಿ ಕೂಗುವ ಮೊದಲೇ ಶುರುವಾಗುತ್ತದೆ, ಮದುವೆಗಳು ದೀಪ ಹಚ್ಚಿದ ಮೇಲೆ ನಡೆಯುತ್ತವೆ. ಉರಿಹೊತ್ತಿನಲ್ಲಿ ಮನೆಮಂದಿಯೆಲ್ಲ ತಂಪುಹೆಂಚಿನ ಕೆಳಗೆ ಮಲಗುತ್ತೇವೆ. ತಂಪುಹೆಂಚು ಎಂದರೆ ಮಾಳಿಗೆಯ ಮೇಲೆ ಅಂಚಿಗೆ ಅಂಚು ಸೇರಿಸಿ ಸುಣ್ಣದ ಗಾರೆಯಲ್ಲಿ ಕೂರಿಸುವ ಬಿಳಿಯ ಬಿಲ್ಲೆ. ಅದು ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ. ಜೊತೆಗೆ ತನ್ನ ಮೈಯ ಶಾಖವನ್ನು ಸುತ್ತಲಿನ ಗಾಳಿಗೆ ಕೊಡದೆ ನೇರವಾಗಿ ಆಕಾಶದ ಆಚೆಗೆ ಕಳಿಸುತ್ತದೆ. ಆಚೆ ಬಹಳ ತಣ್ಣಗಿನ ಜಾಗ. ಶಾಖ ಅಲ್ಲಿಗೆ ಹೋಗಲು ಗಾಳಿಯಲ್ಲಿ ಒಂದು ಬಾಗಿಲಿದೆ. ಹೆಂಚಿನಲ್ಲಿ ಸರಿಯಾದ ಅಳತೆಯ ಕಣಗಳಿದ್ದರೆ ಆ ಬಾಗಿಲು ಸಿಗುತ್ತದೆ. ನಡುಮಧ್ಯಾಹ್ನ ಹೆಂಚಿನ ಮೇಲೆ ಕೈಯಿಟ್ಟರೆ ಹೊಸ ಮಡಕೆಯ ನೀರು ಮುಟ್ಟಿದ ಹಾಗಿರುತ್ತದೆ. ಈ ಬಾಗಿಲನ್ನು ಕಂಡವರು ನಿಮ್ಮ ಕಾಲದವರು. ಆ ಪುಣ್ಯ ನಿಮಗಿರಲಿ.

ಪಾಪದ ಕಥೆ ಇದು. ನನ್ನ ಮುತ್ತಜ್ಜಿಯ ಕಾಲದಲ್ಲಿ ಒಂದು ಇಡೀ ಊರಿಗೆ ಹಳೆಯ ಬರಹ ನೋಡಿ ತಂಪುಹೆಂಚು ಹೊದಿಸಿದರು. ನಾಲ್ಕನೆಯ ಬೇಸಿಗೆಗೆ ಹೆಂಚಿನೊಳಗಿನ ಅಂಟು ಹಳದಿಯಾಯಿತು. ಹಳದಿಯಾದ ಹೆಂಚು ಬಿಸಿಲನ್ನು ಕುಡಿಯುತ್ತದೆ. ಜನ ತಂಪಿದೆ ಎಂದು ನಂಬಿ ಅದರ ಕೆಳಗೇ ಮಲಗಿದರು. ಹಲವರು ಏಳಲಿಲ್ಲ. ಆ ಅಂಟು ಹಳದಿಯಾಗುತ್ತದೆ ಎಂದು ನೂರು ವರ್ಷ ಮೊದಲೇ ಯಾರೋ ಕಂಡಿದ್ದರೆಂದು ಆಮೇಲೆ ತಿಳಿಯಿತು. ಅವರು ಬೇರೆ ಅಂಟು ಹುಡುಕಿಕೊಂಡು ಮುಂದೆ ಹೋದರು, ಹಳದಿಯಾದದ್ದರ ವಿಷಯ ಯಾರಿಗೂ ಹೇಳಲಿಲ್ಲ. ಹೇಳಲು ನಾಚಿಕೆಯಾಯಿತೋ, ಕೇಳುವವರಿರಲಿಲ್ಲವೋ, ಎರಡೂ ಒಂದೇ.

ಅಂದಿನಿಂದ ಪ್ರತಿ ಊರಲ್ಲೂ ಒಂದು ಸೋಲುಕಟ್ಟೆ ಇದೆ. ಬೇವಿನ ಮರದ ಸುತ್ತ ಕಟ್ಟಿದ ಜಗುಲಿ. ಬಿರಿದ ಹೆಂಚು, ತುಕ್ಕು ತಿಂದ ಕೀಲು, ಸೀಳಿದ ಗಾಜು ಎಲ್ಲವನ್ನೂ ಅಲ್ಲಿ ಸಾಲಾಗಿ ಇಡುತ್ತಾರೆ. ಮಾಡಿದವರ ಹೆಸರು, ಅದು ಏಕೆ ಸೋತಿತು ಎಂಬುದು ಪಕ್ಕದಲ್ಲಿ ಇರುತ್ತದೆ. ಮಕ್ಕಳು ಅಲ್ಲಿಯೇ ಅಕ್ಷರ ಕಲಿಯುತ್ತಾರೆ. ನಿಶ್ಚಿತಾರ್ಥಕ್ಕೆ ಬಂದ ಬೀಗರಿಗೆ, ನಮ್ಮ ಹುಡುಗನ ಎರಡು ತುಂಡು ಕಟ್ಟೆಯ ಮೇಲಿವೆ ಎಂದು ತಂದೆತಾಯಿ ಹೆಮ್ಮೆಯಿಂದ ಹೇಳುತ್ತಾರೆ. ಅಜ್ಜಿ, ನಾನು ನಿಮ್ಮಲ್ಲಿ ಕೇಳುವುದು ಇಷ್ಟೇ. ಈ ಓದನ್ನು ಹಿಡಿಯಿರಿ, ಹಿಡಿದ ಮೇಲೆ ನಿಮ್ಮ ಮೇಜಿನ ಒಂದು ಮೂಲೆಯನ್ನಾದರೂ ಕಟ್ಟೆ ಮಾಡಿರಿ.

ನಾನು ಯಾವ ಗುರುಕುಲದಲ್ಲೂ ಓದಲಿಲ್ಲ. ಹುರುಳರಿಗರ ಸಂಘ ತಿಂಗಳಿಗೊಂದು ಕರಪತ್ರ ಅಚ್ಚು ಹಾಕುತ್ತದೆ. ಮಂಡಕ್ಕಿ ಅಂಗಡಿಯಲ್ಲಿ ಸಿಗುತ್ತದೆ. ಹರಳುಗಳು ಹೇಗೆ ಸಾಲು ಕಟ್ಟುತ್ತವೆ, ಸಾಲು ತಪ್ಪಿದಲ್ಲಿ ಬಿರುಕು ಹೇಗೆ ಹುಟ್ಟುತ್ತದೆ, ಕಾದ ವಸ್ತು ಏಕೆ ಹಿಗ್ಗುತ್ತದೆ ಎಂಬುದನ್ನೆಲ್ಲ ಆ ಹಾಳೆಗಳಿಂದ ಕಲಿತೆ. ಒಂದು ಕರಪತ್ರದ ಕೊನೆಯ ಸಾಲನ್ನು ಗೋಡೆಯ ಮೇಲೂ ಬರೆದುಕೊಂಡಿದ್ದೆ: ಬಡವರ ಸೂರಿಗೆ ಒಡೆಯುವ ಹೆಂಚು ಕೊಡುವುದು ಅನ್ಯಾಯ. ತಂಪುಹೆಂಚು ಮೂರು ವರ್ಷಕ್ಕೊಮ್ಮೆ ಬಿರಿಯುತ್ತಿತ್ತು, ಬದಲಿಸಬೇಕಾಗುತ್ತಿತ್ತು. ಉಳ್ಳವರು ಬದಲಿಸುತ್ತಿದ್ದರು. ಇಲ್ಲದವರು ಬಿರುಕಿಗೆ ಸುಣ್ಣ ಮೆತ್ತಿ ಮಲಗುತ್ತಿದ್ದರು. ನನಗೆ ಸಿಟ್ಟು ಬಂತು. ಎಂದೂ ಒಡೆಯದ ಹೆಂಚು ಮಾಡುತ್ತೇನೆ ಎಂದು ಹಠ ಹಿಡಿದೆ. ಊರ ಗೂಡಿನ ಒಂದು ಮೂಲೆಯಲ್ಲಿ ಸುಟ್ಟು ಸುಟ್ಟು, ಜೇಡಿಮಣ್ಣಿಗೆ ಕಲ್ಲು ಕರಗಿಸಿ ತೆಗೆದ ಎಳೆ ಬೆರೆಸಿ, ಕೊನೆಗೆ ಮಾಡಿಯೂ ಮಾಡಿದೆ.

ಹುರುಳರಿಗರಾಗಬೇಕಾದವರಿಗೆ ಒಂದೇ ಪರೀಕ್ಷೆ. ಅದಕ್ಕೆ ಒಡೆಯುವ ದಿನ ಎಂದು ಹೆಸರು. ತಾವು ಮಾಡಿದ್ದನ್ನು ಸೋಲುಕಟ್ಟೆಯ ಮುಂದೆ, ಊರವರ ಎದುರು, ತಾವೇ ಒಡೆಯಬೇಕು. ಸುತ್ತಿಗೆ ಎತ್ತುವ ಮೊದಲು ಅದು ಎಲ್ಲಿಂದ ಬಿರಿಯುತ್ತದೆ, ಎತ್ತ ಸೀಳುತ್ತದೆ ಎಂದು ಬಾಯಿಬಿಟ್ಟು ಹೇಳಬೇಕು. ಪರೀಕ್ಷೆ ಮಾಡುವವರು ನಮ್ಮೂರ ಹುರುಳರಿಗಿತ್ತಿ ಮೌಲಾಬಿ ಅಕ್ಕೋರು. ಅರವತ್ತು ದಾಟಿದವರು, ಒಂದು ಕಿವಿ ಮಂದ, ಬೇಡದ ಮಾತು ಬಂದರೆ ಎರಡೂ ಮಂದ. ಹೋದ ವರ್ಷ ಫಾಲ್ಗುಣದಲ್ಲಿ ನನ್ನ ಸರದಿ ಬಂತು. ಎಲ್ಲಿ ಒಡೀತದ ಎಂದು ಅವರು ಕೇಳಿದರು. ಒಡೆಯುವುದೇ ಇಲ್ಲ ಎಂದೆ. ಅವರು ಮತ್ತೆ ಕೇಳಿದರು. ಕಿವಿ ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೂ ಜೋರಾಗಿ ಹೇಳಿದೆ. ಜನ ನಕ್ಕರು. ನಾನು ಸುತ್ತಿಗೆ ಎತ್ತಿ ಹೊಡೆದೆ. ಹೆಂಚು ಗಂಟೆಯಂತೆ ಸದ್ದು ಮಾಡಿತು, ಒಡೆಯಲಿಲ್ಲ. ನನ್ನ ಸೋದರಮಾವ ಬಸಲಿಂಗಪ್ಪ ಬಂದು ಹೊಡೆದ, ಸುತ್ತಿಗೆಯ ಹಿಡಿಕೆ ಮುರಿಯಿತು. ಜನ ಚಪ್ಪಾಳೆ ತಟ್ಟಿದರು. ಮಾವ ಸೀಟಿ ಹೊಡೆದ.

ಅಕ್ಕೋರು ಮಾತ್ರ ತಲೆಯಾಡಿಸಿದರು. "ಇದು ಹೆಂಗ ಸಾಯ್ತದಂತ ನಿನಗ ಗೊತ್ತಿಲ್ಲ," ಎಂದರು. "ಗೊತ್ತಿಲ್ಲದ್ದನ್ನ ಮಂದಿ ತಲಿ ಮ್ಯಾಲ ಇಡಾಕ ಬರೂದಿಲ್ಲವಾ. ಮುಂದಿನ ವರ್ಷ ಬಾ."

ಒಡೆಯದ ಹೆಂಚು ಮಾಡಿದ್ದಕ್ಕೆ ನನ್ನನ್ನು ನಪಾಸು ಮಾಡಿದರು, ಅಜ್ಜಿ. ನನ್ನ ಸಿಟ್ಟನ್ನು ನೀವೇ ಊಹಿಸಿಕೊಳ್ಳಿ. ಅವರ ವಿರುದ್ಧ ನಾನೇ ಒಂದು ಕರಪತ್ರ ಬರೆದು ಸಂತೆಯಲ್ಲಿ ಹಂಚಿದೆ. ಮುದಿ ಕಟ್ಟಳೆ ಹೊಸ ಸೂರಿಗೆ ಹೆದರುತ್ತದೆ ಎಂದು ಅದರ ತಲೆಬರಹ. ಅಕ್ಕೋರು ಅದನ್ನು ಮಂಡಕ್ಕಿ ಅಂಗಡಿಯಲ್ಲಿ ಕೂತು ನಾಲ್ಕು ಜನಕ್ಕೆ ಓದಿ ಹೇಳಿದರಂತೆ, ಹುಡುಗಿಯ ಬರವಣಿಗೆಗೆ ಕಾರ ಚೆನ್ನಾಗಿ ಬಿದ್ದಿದೆ ಎಂದರಂತೆ. ಬೈದಿದ್ದರೆ ಒಳ್ಳೆಯದಿತ್ತು.

ಕಟ್ಟಳೆಗೆ ಒಂದೇ ಒಂದು ವಿನಾಯಿತಿ ಇದೆ: ಒಪ್ಪಿಗೆಯಿಲ್ಲದ ಹೆಂಚನ್ನು ಮಾಡಿದವರ ಬಂಧುಗಳು ಮಾತ್ರ ತಮ್ಮ ಮನೆಗೆ ಹಾಕಿಕೊಳ್ಳಬಹುದು. ಮಾವ ಆ ವಾರವೇ ಹಾಕಿಸಿಕೊಂಡ. ಸೊಸೆ ಬಿದ್ದರೂ ಹೆಂಚು ಬಿದ್ದಿಲ್ಲವಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ವೈಶಾಖ ಕಳೆಯಿತು, ಹೆಂಚಿನ ಮೇಲೆ ಒಂದು ಗೀರೂ ಇಲ್ಲ. ಒಂದು ಮುಂಜಾನೆ ಮಾವ ನಮ್ಮ ಬಾಗಿಲಿಗೆ ಬಂದು ನಿಂತ. ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ನಿನ್ನ ಹೆಂಚು ಭಾಳ ಗಟ್ಟಿ ಐತಿ ಬಿಡು ಸೊಸಿ," ಎಂದ. "ನನ್ನ ಗ್ವಾಡಿನ ಸೀಳೈತಿ."

ಹೋಗಿ ನೋಡಿದೆ. ಪಡಸಾಲೆಯ ಮೂಲೆಯಲ್ಲಿ ಗೋಡೆ ಮೇಲಿನಿಂದ ಕೆಳಗಿನವರೆಗೆ ಬಾಯಿ ಬಿಟ್ಟಿತ್ತು, ಅಂಗೈ ತೂರಿಸುವಷ್ಟು. ಮೇಲೆ ಹೆಂಚು ನಿನ್ನೆ ಗೂಡಿನಿಂದ ತೆಗೆದಂತೆ ಹೊಳೆಯುತ್ತಿತ್ತು. ನಾನು ಗೋಡೆಗೆ ಒರಗಿ ಕೂತೆ. ಏನಾಗಿದೆ ಎಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಉರಿಹೊತ್ತಿನಲ್ಲಿ ಗೋಡೆ ಕಾದು ಹಿಗ್ಗುತ್ತದೆ, ಹೆಂಚು ತಣ್ಣಗಿದ್ದು ಕುಗ್ಗುತ್ತದೆ. ದಿನದಿನವೂ ಅವೆರಡರ ನಡುವೆ ಎಳೆದಾಟ. ಹಳೆಯ ಹೆಂಚು ಕೂದಲೆಳೆಯಷ್ಟು ಬಿರಿದು ಆ ಜಗ್ಗಾಟವನ್ನು ತನ್ನಲ್ಲೇ ಮುಗಿಸುತ್ತಿತ್ತು. ನನ್ನದು ಬಿರಿಯಲು ಒಪ್ಪಲಿಲ್ಲ. ಆದ್ದರಿಂದ ತನ್ನನ್ನು ಹೊತ್ತಿದ್ದ ಮಣ್ಣಿನ ಗೋಡೆಯನ್ನು ಒಡೆಯಿತು. ಉಳ್ಳವರ ಗೋಡೆ ಕಲ್ಲಿನದು, ತಾಳುತ್ತಿತ್ತು. ಮಣ್ಣಿನ ಗೋಡೆ ಯಾರದು ಎಂದು ನಿಮಗೆ ಹೇಳಬೇಕಿಲ್ಲ. ನಾನು ನ್ಯಾಯ ಎಂದುಕೊಂಡು ಸುಟ್ಟ ಹೆಂಚು ಆರಿಸಿಕೊಂಡದ್ದು ಅವರನ್ನೇ.

ಗೋಡೆ ಕಟ್ಟಲು ನಾನೂ ಮಣ್ಣು ತುಳಿದೆ. ಮಾವ ದಿನವೂ ಒಂದು ಚುಚ್ಚುಮಾತು ಆಡುತ್ತಿದ್ದ, ದಿನವೂ ಒಂದು ರೊಟ್ಟಿ ಹೆಚ್ಚಿಗೆ ಬಡಿಸುತ್ತಿದ್ದ. ಆ ತಿಂಗಳುಗಳಲ್ಲಿ ನನಗೆ ಈ ವಿದ್ಯೆಯ ಮೇಲೆ ಮೊದಲಿಗಿಂತ ಹೆಚ್ಚು ಪ್ರೀತಿ ಹುಟ್ಟಿತು. ಯಾವ ವಸ್ತುವೂ ಒಂಟಿಯಾಗಿ ಬದುಕುವುದಿಲ್ಲ, ಅಜ್ಜಿ. ಪಕ್ಕದಲ್ಲಿ ಏನಿದೆ, ಕೆಳಗೆ ಏನಿದೆ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂಬುದೆಲ್ಲ ಸೇರಿಯೇ ಅದರ ಗುಣ. ಕರಪತ್ರಗಳು ಇದನ್ನು ಹೇಳಿದ್ದವು, ನಾನು ಓದಿಯೂ ಇದ್ದೆ. ನನ್ನ ಕಣ್ಣು ಕೊನೆಯ ಸಾಲಿನ ಮೇಲೆಯೇ ಇತ್ತು.

ಈ ವರ್ಷ ಬೇರೆ ಹೆಂಚು ಸುಟ್ಟೆ. ಗಟ್ಟಿತನ ಕಡಿಮೆ ಮಾಡಲಿಲ್ಲ. ಹೆಂಚಿನ ಒಂದು ಅಂಚಿನಲ್ಲಿ ಬೇಕೆಂದೇ ಒಂದು ಸಡಿಲ ಗೆರೆ ಬಿಟ್ಟೆ. ಜಗ್ಗಾಟ ಬಂದರೆ ಅಲ್ಲಿ ಬಿರಿಯಲಿ, ಉಳಿದ ಹೆಂಚೂ ಉಳಿಯಲಿ, ಗೋಡೆಯೂ ಉಳಿಯಲಿ ಎಂದು. ಒಡೆದ ಅಂಚನ್ನು ಮನೆಯವರೇ ಹಿಡಿ ಗಾರೆಯಲ್ಲಿ ಸರಿಮಾಡಿಕೊಳ್ಳಬಹುದು. ಹೋದ ತಿಂಗಳು ಮತ್ತೆ ಕಟ್ಟೆಯ ಮುಂದೆ ನಿಂತೆ. ಬಲಮೂಲೆಯಿಂದ ಮೂರು ಬೆರಳು ಒಳಗೆ ಬಿರಿದು, ನೇರವಾಗಿ ಅಂಚಿನಗುಂಟ ಸೀಳುತ್ತದೆ ಎಂದು ಹೇಳಿ ಹೊಡೆದೆ. ಬಿರುಕು ನಾನು ಹೇಳಿದಲ್ಲೇ ಹುಟ್ಟಿತು. ಅರ್ಧ ದಾರಿ ನೇರವಾಗಿ ಹೋಗಿ ಎಡಕ್ಕೆ ತಿರುಗಿಬಿಟ್ಟಿತು.

ನಾನು ತುಂಡು ಎತ್ತಿ ಬೆಳಕಿಗೆ ಹಿಡಿದೆ. ತಿರುಗಿದ ಜಾಗದಲ್ಲಿ ಸಾಸಿವೆಯಷ್ಟು ಬಿಳಿಯ ಚುಕ್ಕೆ ಇತ್ತು. ಅದನ್ನು ಉಗುರಿನಿಂದ ಕೆದರಿ ಅಕ್ಕೋರಿಗೆ ತೋರಿಸಿದೆ.

"ಸುಣ್ಣದ ಹರಳು ಉಳದೈತ್ರಿ ಅಕ್ಕೋರ. ಮಣ್ಣಿನಾಗ ಬಂದದ್ದು. ಬಿರುಕು ಇದಕ್ಕ ಹೆದರಿ ಹೊಳ್ಳೈತಿ. ಇನ್ನೂ ಸಣ್ಣ ಜರಡಿ ಹಿಡೀಬೇಕಿತ್ತು, ಹಿಡೀಲಿಲ್ಲ."

ಅವರು ತುಂಡನ್ನು ಕನ್ನಡಕದ ಹತ್ತಿರ ತಂದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಗೇ ವಾಪಸು ಕೊಟ್ಟರು.

"ಹಂಗಾರ ಕಟ್ಟಿ ಮ್ಯಾಲ ಇಡು," ಎಂದರು. "ಕೆಳಗ ಹೆಸರು ಬರಿ. ಹೆಸರಿನ ಮುಂದ ಹುರುಳರಿಗಿತ್ತಿ ಅಂತನೂ ಬರಿ."

ಮಾವ ಸೀಟಿ ಹೊಡೆಯಲಿಲ್ಲ. ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡು, ದೂಳು ಬಿತ್ತು ಎಂದ. ಅಂದು ಎಲೆಯೂ ಅಲುಗದಷ್ಟು ಗಾಳಿ ಸತ್ತಿತ್ತು.

ನನಗೆ ಸಿಕ್ಕ ಮೊದಲ ಕೆಲಸ ನಮ್ಮೂರ ಶಾಲೆಯ ಸೂರು. ಮಣ್ಣನ್ನು ಎರಡು ಸಲ ಜರಡಿ ಹಿಡಿದು ಸುಟ್ಟಿದ್ದೇನೆ. ಹೆಂಚು ಕೂರಿಸುವುದು ನಾಳಿದ್ದು ಶುರುವಾಗುತ್ತದೆ. ಸೂರು ಏರಿದ ಮೇಲೆ ಮಕ್ಕಳನ್ನು ಒಳಗೆ ಬಿಡುವ ಮೊದಲು, ಅದನ್ನು ಮಾಡಿದವರು ಒಂದು ಇಡೀ ಉರಿಹೊತ್ತು ಅದರ ಕೆಳಗೆ ಮಲಗಿ ಏಳಬೇಕು. ಇದನ್ನು ಯಾರೂ ಕಾನೂನು ಮಾಡಿಲ್ಲ, ಯಾರೂ ತಪ್ಪಿಸಿಯೂ ಇಲ್ಲ. ನನಗೆ ಹೆದರಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಹೆಂಚು ಎಲ್ಲಿ ಬಿರಿಯಬಹುದು ಎಂದು ನನಗೆ ಗೊತ್ತು; ಅಷ್ಟು ಗೊತ್ತಿದ್ದರೆ ನಿದ್ದೆ ಬರುತ್ತದೆ. ನಿನ್ನೆ ಮೌಲಾಬಿ ಅಕ್ಕೋರು ಗೂಡಿನ ಹತ್ತಿರ ಬಂದು, ಆ ದಿನ ತಾವೂ ಒಂದು ಚಾಪೆ ತಂದು ನನ್ನ ಪಕ್ಕದಲ್ಲಿ ಹಾಸಿಕೊಳ್ಳುವುದಾಗಿ ಹೇಳಿ ಹೋದರು. ಆ ಹೊತ್ತಿನಿಂದ ನನ್ನ ಕಾಲು ನೆಲಕ್ಕೆ ತಾಗಿಲ್ಲ.

ಶಾಲೆ ದೊಡ್ಡದಿದೆ, ಅಜ್ಜಿ. ಇನ್ನೊಂದು ಚಾಪೆಗೆ ಜಾಗ ಬಿಟ್ಟಿರುತ್ತೇನೆ. ದಾರಿ ದೂರ ಎಂದು ಗೊತ್ತು, ಈಗಲೇ ಹೊರಡಿ. ಉರಿಹೊತ್ತು ಹೆಚ್ಚು ಉರಿಯುವ ಹೊತ್ತಿಗೆ ನೀವು ಅಲ್ಲಿರಬೇಕು: ಮಸ್ಕಿಯ ಶಾಲೆ, ಏಪ್ರಿಲ್ ಇಪ್ಪತ್ತೈದು, ಭಾನುವಾರ, ಮಧ್ಯಾಹ್ನ ಎರಡು ಗಂಟೆ.